ಆ ಕುರಿ ಕಾಯುವ ತಾತ ಯಾವ ಊರಿನವನು?

(ಪತ್ರಿಕೋದ್ಯಮ ಮತ್ತು ಕನ್ನಡ ಸಾಹಿತ್ಯದ ವಿದ್ಯಾರ್ಥಿಗಳ ಕೂಟವೊಂದರಲ್ಲಿ ನಮ್ಮ ವರದಿಗಾರರು ಮಾಡಿದ ಭಾಷಣದ ಬರಹರೂಪ)



‘ನಡೆದ ಸಂಗತಿ ಕಥೆಯಾಗುವ ಬಗೆ’ ಎಂಬ ವಿಷಯ ಕೊಟ್ಟು ನನ್ನನ್ನು ಇಲ್ಲಿಗೆ ಕರೆದಿದ್ದೀರಿ. ನಾನು ಸಾಹಿತಿಯಲ್ಲ. ಪತ್ರಿಕೋದ್ಯಮದಲ್ಲಿ ಡಿಪ್ಲೊಮಾ ಮಾಡಿಕೊಂಡು ವರದಿಗಾರನಾಗಿ ಸೇರಿದವನು. ನಾನು ಬರೆದದ್ದು ಬೆಳಿಗ್ಗೆ ಓದುಗರ ಕೈಯಲ್ಲಿರುತ್ತದೆ, ಸಂಜೆಗೆ ಅದರಲ್ಲಿ ಯಾರೋ ಬೋಂಡ ಕಟ್ಟಿಕೊಡುತ್ತಾರೆ. ಅದರ ಬಗ್ಗೆ ನನಗೆ ಬೇಸರವೇನಿಲ್ಲ. ಹೀಗಿದ್ದೂ ಈ ವಿಷಯದ ಮೇಲೆ ಮಾತಾಡಲು ಒಪ್ಪಿಕೊಂಡದ್ದಕ್ಕೆ ಒಂದು ಕಾರಣವಿದೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷ. ಒಂದು ಹಳ್ಳಿಯ ಕೆರೆಯಲ್ಲಿ ಈಜಲು ಹೋದ ಹುಡುಗ ಮುಳುಗಿ ಸತ್ತ. ಬೇಸಿಗೆಯಲ್ಲಿ ಹೂಳೆತ್ತುವ ಹೆಸರಿನಲ್ಲಿ ಕೆರೆಯಂಗಳದಲ್ಲಿ ಗುಂಡಿ ತೋಡಿದ್ದರು. ಮಳೆ ಬಂತು, ಕೆರೆಗೆ ನೀರು ಬಂತು, ಗುಂಡಿ ಕಣ್ಣಿಗೆ ಕಾಣದಾಯಿತು. ನಾನು ಕಳಿಸಿದ ಸುದ್ದಿ ಒಳಪುಟದಲ್ಲಿ ಏಳು ಸಾಲು ಬಂತು. ಹುಡುಗನ ಹೆಸರು, ವಯಸ್ಸು, ಊರು, ಪೊಲೀಸರು ಪ್ರಕರಣ ದಾಖಲಿಸಿಕೊಂಡಿದ್ದಾರೆ. ಅಷ್ಟೇ. ದಂಡೆಯ ಮೇಲೆ ಮಡಿಸಿಟ್ಟಿದ್ದ ಅವನ ಅಂಗಿ, ಅದರ ಮೇಲೆ ಹಾರಿಹೋಗದಿರಲೆಂದು ಇಟ್ಟಿದ್ದ ಕಲ್ಲು ಏಳು ಸಾಲಿನಲ್ಲಿ ಹಿಡಿಸಲಿಲ್ಲ. ಅದು ನನ್ನನ್ನು ಕಾಡಿತು. ಕೆಲವು ತಿಂಗಳ ಮೇಲೆ ಅದನ್ನೇ ಕಥೆ ಮಾಡಿ ಬರೆದೆ. ವಾರಪತ್ರಿಕೆಯೊಂದು ಅದನ್ನು ಪ್ರಕಟಿಸಿತು. ಹುಡುಗನ ಹೆಸರು, ಊರಿನ ಹೆಸರು ಎರಡನ್ನೂ ಬದಲಿಸಿದ್ದೆ. ಮಿಕ್ಕದ್ದೆಲ್ಲ ಇದ್ದ ಹಾಗೆಯೇ ಇತ್ತು. ಕೊನೆಗೊಂದು ಚೂರು ಮಾತ್ರ ನಾನೇ ಸೇರಿಸಿದ್ದೆ. ಮುಳುಗುವಾಗ ಹುಡುಗ ‘ಅವ್ವಾ’ ಎಂದು ಕೂಗುತ್ತಾನೆ. ದೂರದಲ್ಲಿ ಕುರಿ ಕಾಯುತ್ತಿದ್ದ ಮುದುಕನೊಬ್ಬನಿಗೆ ಆ ಕೂಗು ಕೇಳಿಸುತ್ತದೆ. ಅವನು ಓಡಿ ಬರುವಷ್ಟರಲ್ಲಿ ನೀರು ಸುಮ್ಮನಾಗಿರುತ್ತದೆ. ಕಥೆಯನ್ನು ಗೆಳೆಯರು ಮೆಚ್ಚಿದರು. ಅದರಲ್ಲೂ ಆ ಕೊನೆಯನ್ನು ಬಹಳ ಮೆಚ್ಚಿದರು.

ಮುಂದೊಮ್ಮೆ ಬೇರೆ ಸುದ್ದಿಗೆಂದು ಅದೇ ಹಳ್ಳಿಗೆ ಹೋದೆ. ಹುಡುಗನ ತಾಯಿ ಬಸ್ ನಿಲ್ದಾಣದವರೆಗೂ ನನ್ನನ್ನು ಹುಡುಕಿಕೊಂಡು ಬಂದರು. ಅವರಿಗೆ ಓದು ಬಾರದು. ಪಕ್ಕದ ಮನೆಯ ಹುಡುಗಿ ಕಥೆಯನ್ನು ಓದಿ ಹೇಳಿದ್ದಳು. ಅವರು ಜಗಳಕ್ಕೆ ಬಂದಿರಲಿಲ್ಲ. ಕೇಳಿದ್ದು ಇಷ್ಟೇ: “ನನ್ನ ಮಗ ಅವ್ವಾ ಅಂತ ಕೂಗ್ದ ಅಂತ ಬರ್ದಿದ್ದೀಯಲ್ಲಪ್ಪ. ಆ ಕುರಿ ಕಾಯೋ ತಾತ ಯಾವೂರೋನು? ನಾನು ಅವನನ್ನ ಒಂದು ಸಲ ನೋಡ್ಬೇಕು.”

ಅವರಿಗೆ ನಾನು ಏನು ಹೇಳಿದೆ ಎಂಬುದನ್ನು ಆಮೇಲೆ ಹೇಳುತ್ತೇನೆ. ಆ ಪ್ರಶ್ನೆ ಬಂದ ಮೇಲೆ, ನಡೆದದ್ದನ್ನು ಕಥೆ ಮಾಡಿದವರನ್ನು ನಾನು ಬೇರೆಯೇ ರೀತಿಯಲ್ಲಿ ಓದತೊಡಗಿದೆ. ಇವರು ಯಾವುದನ್ನು ಇದ್ದಂತೆ ಉಳಿಸಿಕೊಂಡರು, ಯಾವುದನ್ನು ಬದಲಿಸಿದರು, ಯಾವುದನ್ನು ಮುಟ್ಟದೆ ಬಿಟ್ಟರು ಎಂದು ನೋಡುವುದು ಅಭ್ಯಾಸವಾಯಿತು. ಹಾಗೆ ಕಂಡ ಕೆಲವು ಸಂಗತಿಗಳನ್ನು ಇಲ್ಲಿ ಹೇಳುತ್ತೇನೆ.

ಮೊದಲು ನಮ್ಮ ಭಾಷೆಯದೇ ಒಂದು ಉದಾಹರಣೆ. ತೇಜಸ್ವಿನಿ ಹೊಳೆಯ ದಂಡೆಯ ಕಯ್ಯೂರು ಇಂದು ಕೇರಳದ ಕಾಸರಗೋಡು ಜಿಲ್ಲೆಯಲ್ಲಿದೆ. 1941ರಲ್ಲಿ ಅದು ಮದರಾಸು ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. ಅಲ್ಲಿನ ರೈತರು ಜಮೀನ್ದಾರರ ವಿರುದ್ಧ ಸಂಘ ಕಟ್ಟಿದ್ದರು. ಪೊಲೀಸರು ಹಳ್ಳಿಗೆ ನುಗ್ಗಿ ಹೊಡೆದು ಬಡಿದು ಮಾಡಿದರು. ಅದನ್ನು ಪ್ರತಿಭಟಿಸಿ ಮಾರ್ಚ್ 28ರಂದು ಮೆರವಣಿಗೆ ಹೊರಟಿತು. ದಾರಿಯಲ್ಲಿ ಎದುರಾದ ಸುಬ್ಬರಾಯ ಎಂಬ ಪೇದೆಯ ಕೈಗೆ ಜನ ಬಾವುಟ ಕೊಟ್ಟು ತಮ್ಮ ಮುಂದೆ ನಡೆಸಿದರು. ಆತ ತಪ್ಪಿಸಿಕೊಂಡು ಹೊಳೆಗೆ ಹಾರಿದ. ದಡದಿಂದ ಕಲ್ಲುಗಳು ಬಿದ್ದವು. ಆತ ಬದುಕಲಿಲ್ಲ. ಮಂಗಳೂರಿನಲ್ಲಿ ವಿಚಾರಣೆ ನಡೆಯಿತು. ಮಠತ್ತಿಲ್ ಅಪ್ಪು, ಚಿರುಕಂಡ, ಕುಂಞಂಬು ನಾಯರ್, ಅಬೂಬಕರ್ ಎಂಬ ನಾಲ್ವರನ್ನು 1943ರ ಮಾರ್ಚ್ 29ರಂದು ಕಣ್ಣೂರು ಸೆರೆಮನೆಯಲ್ಲಿ ಗಲ್ಲಿಗೇರಿಸಲಾಯಿತು. ಮರಣದಂಡನೆಯಾಗಿದ್ದ ಐದನೆಯವನು, ಪ್ರಾಯಕ್ಕೆ ಬಾರದ ಹುಡುಗ ಎಂಬ ಕಾರಣಕ್ಕೆ ನೇಣಿನಿಂದ ಉಳಿದ.

ಇಷ್ಟು ಸುದ್ದಿ. ನಾನು ಅಂದು ಮಂಗಳೂರಿನಲ್ಲಿ ವರದಿಗಾರನಾಗಿದ್ದರೆ ಇದನ್ನೇ ಬರೆಯುತ್ತಿದ್ದೆ. ಪೇದೆಯ ಸಾವು ಮೊದಲ ಸಾಲಿನಲ್ಲಿ ಬರುತ್ತಿತ್ತು.

ನಿರಂಜನರು 1955ರಲ್ಲಿ ಇದನ್ನು ‘ಚಿರಸ್ಮರಣೆ’ ಎಂಬ ಕಾದಂಬರಿ ಮಾಡಿದರು. ಅವರು ನೀಲೇಶ್ವರದ ಶಾಲೆಯಲ್ಲಿ ಓದಿದವರು, ಆ ಸೀಮೆಯ ಮಳೆ ಮಣ್ಣು ಬಲ್ಲವರು. ಕಯ್ಯೂರಿನ ಘಟನೆ ನಡೆದಾಗ ಅವರಿಗೆ ಹದಿನೇಳರ ಆಸುಪಾಸು. ಗಲ್ಲಿಗೇರಿದವರ ಹೆಸರುಗಳನ್ನು ಅವರು ಬದಲಿಸಲಿಲ್ಲ. ಬದಲಿಸಿದ್ದು ಕಥೆ ಆರಂಭವಾಗುವ ಜಾಗವನ್ನು. ಅಪ್ಪು, ಚಿರುಕಂಡ ಎಂಬ ಇಬ್ಬರು ಹುಡುಗರು, ಅವರಿಗೆ ಅಕ್ಷರ ಕಲಿಸುವ ಮಾಸ್ತರು, ಆ ಮಾಸ್ತರು ಅಕ್ಷರದ ಜೊತೆಗೆ ಕಲಿಸುವ ಬೇರೆ ಪಾಠ, ಗೇಣಿ ಅಳೆಯುವ ರೈತರ ಮನೆಗಳು, ಜಮೀನ್ದಾರರ ಠೀವಿ ಇವೆಲ್ಲದರ ನಡುವೆ ನಾವು ಬಹಳ ಹೊತ್ತು ಇರುತ್ತೇವೆ. ಸುದ್ದಿಗೆ ಮಾರ್ಚ್ 28 ಮೊದಲ ಸಾಲು, ಕಾದಂಬರಿಗೆ ಅದು ದೂರದ ನಿಲ್ದಾಣ. ಅಲ್ಲಿಗೆ ತಲುಪುವ ಹೊತ್ತಿಗೆ ಆ ಹುಡುಗರು ನಮಗೆ ನೆಂಟರಾಗಿರುತ್ತಾರೆ. ಕೊಲೆ ಮೊಕದ್ದಮೆಯ ಆರೋಪಿಗಳು ಎಂಬ ಮಾತು ಆಗ ಬೇರೆಯಾಗಿಯೇ ಕೇಳಿಸುತ್ತದೆ.

ಯಾರು ಮಾಡಿದರು ಎಂಬುದು ನ್ಯಾಯಾಲಯದ ಪ್ರಶ್ನೆ. ಇಂಥ ಹುಡುಗರು ಎಲ್ಲಿಂದ ಬಂದರು ಎಂಬುದು ನಿರಂಜನರ ಪ್ರಶ್ನೆ. ಪ್ರಶ್ನೆ ಬದಲಾದೊಡನೆ ಬೇಕಾದ ಸಂಗತಿಗಳೂ ಬದಲಾದವು. ಘಟನೆ ಸಿಕ್ಕಿತು, ಇನ್ನು ಕಥೆ ಬರೆದುಬಿಡೋಣ ಎಂದು ಹೊರಡುವ ನಮ್ಮಂಥವರು ಎಡವುವುದು ಇಲ್ಲಿಯೇ. ಘಟನೆ ಇರುತ್ತದೆ, ಅದಕ್ಕೆ ನಾವು ಕೇಳುವ ಪ್ರಶ್ನೆ ಮಾತ್ರ ನಮ್ಮ ಬಳಿ ಇರುವುದಿಲ್ಲ. ಆಗ ಹೆಸರು ಬದಲಿಸುತ್ತೇವೆ, ಮಳೆ ಸುರಿಸುತ್ತೇವೆ, ಕೊನೆಯಲ್ಲಿ ಕೂಗಿಸುತ್ತೇವೆ.

ನಿರಂಜನರು ತಮ್ಮ ಪಕ್ಷವನ್ನು ಮುಚ್ಚಿಡಲಿಲ್ಲ ಎಂಬುದನ್ನೂ ಹೇಳಬೇಕು. ಪುಸ್ತಕದ ಹೆಸರೇ ಅದನ್ನು ಸಾರುತ್ತದೆ. ನನಗೆ ಮಾತ್ರ ಓದಿ ಮುಗಿಸಿದ ಮೇಲೂ ಆ ಪೇದೆಯ ನೆನಪು ಹೋಗುವುದಿಲ್ಲ. ಅಂದು ಸಂಜೆ ಅವನ ಮನೆಯಲ್ಲಿ ದೀಪ ಹಚ್ಚಿ ಯಾರು ಕಾದಿದ್ದರು? ಇನ್ನೊಬ್ಬ ಕಾದಂಬರಿಕಾರ ಆ ದೀಪದಿಂದ ಹೊರಟಿದ್ದರೆ ಅದೇ ಹೊಳೆ, ಅದೇ ದಿನ, ಅದೇ ಬಾವುಟ ಇಟ್ಟುಕೊಂಡು ಬೇರೆ ಪುಸ್ತಕ ಬರೆಯುತ್ತಿದ್ದ. ಎರಡರಲ್ಲೂ ಸುಳ್ಳು ಇರುತ್ತಿರಲಿಲ್ಲ.

ಇನ್ನು ದೂರದ ದೇಶದ ಮಾತು. ಕೊಲಂಬಿಯಾದ ಗಾಬ್ರಿಯೆಲ್ ಗಾರ್ಸಿಯಾ ಮಾರ್ಕ್ವೆಜ್ ಹೆಸರು ನಿಮಗೆ ಗೊತ್ತು. 1982ರಲ್ಲಿ ನೊಬೆಲ್ ಪಡೆದವರು. ಅವರೂ ಮೊದಲು ನನ್ನಂತೆ, ಇಲ್ಲಿರುವ ನಿಮ್ಮಲ್ಲಿ ಅರ್ಧ ಮಂದಿ ಆಗಲಿರುವಂತೆ, ಪತ್ರಿಕೆಯ ಕೆಲಸಗಾರರು. 1951ರ ಜನವರಿಯಲ್ಲಿ, ಅವರಿಗೆ ಇಪ್ಪತ್ತಮೂರು ವರ್ಷವಾಗಿದ್ದಾಗ, ಅವರ ಕುಟುಂಬ ನೆಲೆಸಿದ್ದ ಸುಕ್ರೆ ಎಂಬ ಸಣ್ಣ ಊರಿನಲ್ಲಿ ಒಂದು ಕೊಲೆಯಾಯಿತು. ಮದುವೆಯ ರಾತ್ರಿಯೇ ವರ ತನ್ನ ವಧು ಕನ್ಯೆಯಲ್ಲವೆಂದು ಅವಳನ್ನು ತವರಿಗೆ ಹಿಂದಿರುಗಿಸಿದ. ಅವಳು ಒಬ್ಬ ಯುವಕನ ಹೆಸರು ಹೇಳಿದಳು. ಅವಳ ಅಣ್ಣತಮ್ಮಂದಿರು ಅವನನ್ನು ಹಾಡಹಗಲು ಕೊಂದರು. ಸತ್ತವನು ಮಾರ್ಕ್ವೆಜರ ಗೆಳೆಯ, ವೈದ್ಯಕೀಯ ಓದುತ್ತಿದ್ದವನು.

ಆಗಲೇ ಅವರಿಗೆ ಇದನ್ನು ಬರೆಯುವ ಆಸೆ ಹುಟ್ಟಿತು, ಅದೂ ವರದಿಯಾಗಿ. ತಡೆದವರು ಅವರ ತಾಯಿ. ಸತ್ತ ಹುಡುಗನ ತಾಯಿ ಅವರಿಗೆ ಬಹಳ ಬೇಕಾದವರು. ಆಕೆ ಬದುಕಿರುವವರೆಗೆ ಇದನ್ನು ಬರೆಯಬೇಡ ಎಂಬುದು ತಾಯಿಯ ಮಾತು. ಮಗ ಕೇಳಿದ. ಒಂದೆರಡು ವರ್ಷವಲ್ಲ, ಸುಮಾರು ಮೂವತ್ತು ವರ್ಷ ಕೇಳಿದ. ಕೊನೆಗೆ ತಾಯಿ ಅನುಮತಿ ಕೊಟ್ಟಾಗಲೂ ಒಂದು ಷರತ್ತು ಹಾಕಿದರಂತೆ. ಸತ್ತವನು ನನ್ನ ಹೊಟ್ಟೆಯಲ್ಲೇ ಹುಟ್ಟಿದ ಮಗ ಎಂದುಕೊಂಡು ಬರೆ ಎಂಬುದು ಆ ಷರತ್ತಿನ ತಾತ್ಪರ್ಯ. ಮಾರ್ಕ್ವೆಜ್ ತಮ್ಮ ಆತ್ಮಕಥೆಯಲ್ಲಿ ಇದನ್ನು ಹೇಳಿಕೊಂಡಿದ್ದಾರೆ. ಆ ಪುಟಕ್ಕೆ ಬಂದಾಗ ನಾನು ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಹೊರಗೆ ಅಡ್ಡಾಡಿ ಬಂದೆ.

ಕಾದಂಬರಿ 1981ರಲ್ಲಿ ಬಂತು. ಅದರ ಹೆಸರನ್ನು ‘ಮೊದಲೇ ಸಾರಿದ ಸಾವಿನ ವೃತ್ತಾಂತ’ ಎಂದು ಕನ್ನಡದಲ್ಲಿ ಹೇಳಬಹುದು. ನೂರು ಚಿಲ್ಲರೆ ಪುಟದ ಪುಸ್ತಕ. ನಿರಂಜನರು ಸಾವನ್ನು ದೂರ ಇಟ್ಟರೆ ಮಾರ್ಕ್ವೆಜ್ ಅದನ್ನು ತಂದು ಮೊದಲ ವಾಕ್ಯದಲ್ಲೇ ಹೇಳಿಬಿಡುತ್ತಾರೆ. ಸಾಯುವವನು ಯಾರು, ಕೊಲ್ಲುವವರು ಯಾರು ಎಂಬ ಕುತೂಹಲ ಅಲ್ಲಿಗೆ ಮುಗಿಯಿತು. ಪತ್ತೇದಾರಿ ಕಾದಂಬರಿ ಬರೆಯುವವರು ಕಡೆಯವರೆಗೆ ಕಾಪಾಡುವ ಗುಟ್ಟನ್ನು ಇವರು ಬಾಗಿಲಲ್ಲೇ ಚೆಲ್ಲಿದರು. ಆಮೇಲೆ ಉಳಿಯುವುದು ಒಂದೇ ಪ್ರಶ್ನೆ. ಕೊಲ್ಲುತ್ತೇವೆಂದು ಕೊಲೆಗಾರರೇ ಊರಿಗೆಲ್ಲ ಹೇಳಿಕೊಂಡು ತಿರುಗಿದರು. ಹಾಲಿನಂಗಡಿಯಲ್ಲಿ ಕೂತು ಬಂದವರಿಗೆಲ್ಲ ಹೇಳಿದರು. ಊರಿನ ಮುಖ್ಯಸ್ಥ ಬಂದು ಅವರ ಕೈಯ ಚೂರಿಗಳನ್ನು ಕಿತ್ತುಕೊಂಡು ಹೋದ, ಅವರು ಮನೆಗೆ ಹೋಗಿ ಬೇರೆ ಚೂರಿ ತಂದರು. ಯಾರಾದರೂ ತಡೆಯಲಿ ಎಂದೇ ಅವರು ಕಾಯುತ್ತಿದ್ದ ಹಾಗಿದೆ. ಇಡೀ ಊರಿಗೆ ಗೊತ್ತಿದ್ದೂ ಅವನೊಬ್ಬನಿಗೆ ಸುದ್ದಿ ಮುಟ್ಟಲಿಲ್ಲ, ಹೇಗೆ?

ಈ ಪ್ರಶ್ನೆ ನಮಗೆ ಹೊಸದಲ್ಲ. ಇಂಥದ್ದೊಂದು ನಡೆದ ಹಳ್ಳಿಗೆ ಮಾರನೇ ದಿನ ನಾವು ಹೋದರೆ ಕೇಳಿಸುವುದು ಇದೇ ಮಾತು. ‘ಗೊತ್ತಿತ್ತು ಸಾರ್, ಆದ್ರೆ ನಿಜವಾಗ್ಲೂ ಮಾಡ್ತಾರೆ ಅಂದ್ಕೊಂಡಿರ್ಲಿಲ್ಲ.’ ವರದಿಗಾರ ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಾನೆ, ಸುದ್ದಿಯಲ್ಲಿ ಹಾಕುವುದಿಲ್ಲ. ಅದು ಸಾಕ್ಷ್ಯವಲ್ಲವಲ್ಲ.

ಏನೇನು ಬದಲಾಯಿತು ನೋಡಿ. ಗೆಳೆಯನ ಮನೆತನ ಇಟಲಿಯ ಮೂಲದ್ದು, ಕಾದಂಬರಿಯ ಸಾಂತಿಯಾಗೊ ನಾಸರ್ ಅರಬ್ ಮೂಲದವನು. ಗೆಳೆಯ ವೈದ್ಯಕೀಯ ವಿದ್ಯಾರ್ಥಿ, ಇವನು ಅಪ್ಪನಿಂದ ಬಂದ ದನಗಳ ಹಟ್ಟಿ, ಜಮೀನು ನೋಡಿಕೊಳ್ಳುವವನು. ಕೊಂದವರನ್ನು ಅವಳಿಗಳಾಗಿ ಮಾಡಿದರು. ಕೊಲೆಯಾದಾಗ ಮಾರ್ಕ್ವೆಜ್ ಆ ಊರಿನಲ್ಲಿರಲಿಲ್ಲ, ಕಾದಂಬರಿಯ ನಿರೂಪಕ ಊರಿನಲ್ಲೇ ಇದ್ದಾನೆ, ಮದುವೆಯ ಗಲಾಟೆ ಮುಗಿಸಿ ನಿದ್ದೆ ಹೋಗಿದ್ದಾನೆ. ಇದು ನನಗೆ ಬಹಳ ದೊಡ್ಡ ಬದಲಾವಣೆ ಎನಿಸುತ್ತದೆ. ಇಲ್ಲದವನಾಗಿ ಬರೆದಿದ್ದರೆ ಊರಿನ ತಪ್ಪನ್ನು ಎತ್ತಿ ತೋರಿಸುವ ಹಕ್ಕು ಸಿಗುತ್ತಿತ್ತು. ಇದ್ದವನಾಗಿ ಬರೆದದ್ದರಿಂದ ಆ ತಪ್ಪಿನಲ್ಲಿ ತನಗೂ ಒಂದು ಪಾಲು ಇಟ್ಟುಕೊಂಡಂತಾಯಿತು.

ಇಪ್ಪತ್ತೇಳು ವರ್ಷದ ನಂತರ ಆ ನಿರೂಪಕ ಊರಿಗೆ ಬಂದು ಮನೆ ಮನೆಗೆ ಹೋಗಿ ವಿಚಾರಿಸುತ್ತಾನೆ. ಅಂದು ಬಿಸಿಲಿತ್ತು ಎನ್ನುತ್ತಾರೆ ಕೆಲವರು. ಮೋಡ ಮುಸುಕಿತ್ತು, ಹನಿ ಬೀಳುತ್ತಿತ್ತು ಎನ್ನುತ್ತಾರೆ ಇನ್ನು ಕೆಲವರು. ಯಾರೂ ಸುಳ್ಳು ಹೇಳುತ್ತಿಲ್ಲ. ಸಾಕ್ಷಿಗಳ ಹೇಳಿಕೆ ಬರೆದುಕೊಂಡು ಅಭ್ಯಾಸವಿರುವವನಿಗೆ ಮಾತ್ರ ಹೊಳೆಯುವ ವಿವರ ಇದು. ವರದಿಯಲ್ಲಾದರೆ ನಾವು ಹವಾಮಾನ ಇಲಾಖೆಗೆ ಫೋನ್ ಮಾಡಿ ಒಂದನ್ನು ಉಳಿಸಿ ಇನ್ನೊಂದನ್ನು ಹೊಡೆದುಹಾಕುತ್ತೇವೆ. ಇಲ್ಲಿ ಎರಡೂ ಉಳಿದುಕೊಂಡಿವೆ.

ಎಲ್ಲಕ್ಕಿಂತ ದೊಡ್ಡ ಕಲ್ಪನೆ ವಧುವಿನ ಭಾಗದ್ದು. ಕಾದಂಬರಿಯಲ್ಲಿ ಅವಳು ತನ್ನನ್ನು ಬಿಟ್ಟುಹೋದ ಗಂಡನಿಗೆ ವರ್ಷಗಟ್ಟಲೆ ಪತ್ರ ಬರೆಯುತ್ತಾಳೆ. ಕೊನೆಗೊಂದು ದಿನ ಅವನು ಮುದುಕನಾಗಿ, ಒಂದನ್ನೂ ಒಡೆದು ಓದದ ಆ ಪತ್ರಗಳ ಕಟ್ಟಿನೊಂದಿಗೆ ಅವಳ ಬಾಗಿಲಿಗೆ ಬರುತ್ತಾನೆ. ನಿಜಜೀವನದಲ್ಲಿ ಅವರಿಬ್ಬರೂ ಮತ್ತೆ ಒಂದಾಗಲೇ ಇಲ್ಲ. ಆತ ಬೇರೆ ಮದುವೆಯಾಗಿ ಮಕ್ಕಳೊಂದಿಗನಾದ. ಆದರೆ ಪುಸ್ತಕ ಲೋಕಪ್ರಸಿದ್ಧವಾದ ಮೇಲೆ ಅದೇ ವ್ಯಕ್ತಿ ನ್ಯಾಯಾಲಯಕ್ಕೆ ಹೋದ. ಇದು ನನ್ನ ಬದುಕಿನ ಕಥೆ, ಗಳಿಕೆಯಲ್ಲಿ ಅರ್ಧ ನನಗೆ ಬರಬೇಕು ಎಂದು ಕೇಳಿದ. ಹದಿನೇಳು ವರ್ಷ ಎಳೆದಾಡಿದ ಆ ವ್ಯಾಜ್ಯದಲ್ಲಿ 2011ರಲ್ಲಿ ಬರಾಂಕಿಯಾದ ನ್ಯಾಯಾಲಯ ಲೇಖಕರ ಪರವಾಗಿ ತೀರ್ಪು ಕೊಟ್ಟಿತು. ನಡೆದ ಸಂಗತಿಗಳನ್ನು ಆಧರಿಸಿ ನೂರಾರು ಕೃತಿಗಳು ಹುಟ್ಟಿವೆ, ಅವನ್ನು ತನ್ನ ದೃಷ್ಟಿಯಿಂದ ಮಾರ್ಪಡಿಸಿದವನಿಗೆ ಕೃತಿಯ ಹಕ್ಕು ಸಲ್ಲುತ್ತದೆ ಎಂಬುದು ತೀರ್ಪಿನ ಧಾಟಿ. ಕಾನೂನಿನ ಲೆಕ್ಕ ಸರಿಯಾಗಿಯೇ ಇರಬಹುದು. ಆ ಮನುಷ್ಯನ ಸ್ಥಿತಿಯನ್ನೂ ಸ್ವಲ್ಪ ಯೋಚಿಸಿ. ತಾನು ಎಂದೂ ಮಾಡದ ಕೆಲಸಕ್ಕಾಗಿ, ಪತ್ರದ ಕಟ್ಟು ಹೊತ್ತು ಹಿಂದಿರುಗಿದ್ದಕ್ಕಾಗಿ, ಜಗತ್ತಿನ ಓದುಗರು ಅವನನ್ನು ನೆನಪಿಟ್ಟುಕೊಂಡಿದ್ದರು.

ಇಷ್ಟೆಲ್ಲ ಕಲ್ಪಿಸಿದ ಲೇಖಕ ಒಂದನ್ನು ಮಾತ್ರ ಕಲ್ಪಿಸಲಿಲ್ಲ. ಆ ಹುಡುಗಿ ಹೇಳಿದ ಹೆಸರು ನಿಜವೇ? ಸಾಂತಿಯಾಗೊ ತಪ್ಪಿತಸ್ಥನೇ, ನಿರಪರಾಧಿಯೇ? ನೂರು ಪುಟ ತಿರುವಿದರೂ ಉತ್ತರ ಸಿಗುವುದಿಲ್ಲ. ಒಂದು ವಾಕ್ಯದಲ್ಲಿ ತೀರಿಸಬಹುದಾಗಿತ್ತು, ಓದುಗ ನೆಮ್ಮದಿಯಾಗಿ ನಿದ್ದೆ ಮಾಡುತ್ತಿದ್ದ. ಊರಿಗೆ ಗೊತ್ತಿಲ್ಲದ್ದು ಕಾದಂಬರಿಗೂ ಗೊತ್ತಿಲ್ಲ. ನನ್ನ ಕುರಿ ಕಾಯುವ ತಾತ ನೆನಪಾಗಿ ನಾನು ತಲೆ ತಗ್ಗಿಸಿದ್ದು ಇಲ್ಲಿ.

ಇದೇ ಮಾರ್ಕ್ವೆಜ್ ಎಲ್ಲವನ್ನೂ ಕಥೆ ಮಾಡಲಿಲ್ಲ. 1955ರಲ್ಲಿ ಕೊಲಂಬಿಯಾದ ನೌಕಾಪಡೆಯ ‘ಕಾಲ್ದಾಸ್’ ಹಡಗಿನಿಂದ ಎಂಟು ನಾವಿಕರು ಕಡಲಿಗೆ ಬಿದ್ದರು. ಒಬ್ಬ ಮಾತ್ರ ಹತ್ತು ದಿನ ತೆಪ್ಪದ ಮೇಲೆ ಅನ್ನ ನೀರಿಲ್ಲದೆ ತೇಲಿ ದಡ ಸೇರಿದ. ಬಿರುಗಾಳಿಗೆ ಸಿಕ್ಕಿ ಹೀಗಾಯಿತು ಎಂದು ಸರ್ಕಾರ ಹೇಳಿತ್ತು. ‘ಎಲ್ ಎಸ್ಪೆಕ್ತದೋರ್’ ಪತ್ರಿಕೆಯ ವರದಿಗಾರರಾಗಿದ್ದ ಮಾರ್ಕ್ವೆಜ್ ಆ ನಾವಿಕನನ್ನು ದಿನಗಟ್ಟಲೆ ಕೂರಿಸಿಕೊಂಡು ಮಾತಾಡಿಸಿದರು. ಬಿರುಗಾಳಿಯ ಬಗ್ಗೆ ಹೇಳು ಎಂದರೆ ಆತ, ಬಿರುಗಾಳಿಯೇ ಇರಲಿಲ್ಲವಲ್ಲ ಎಂದ. ಹಡಗಿನ ಮೇಲೆ ಕಳ್ಳಸಾಗಣೆಯ ರೆಫ್ರಿಜರೇಟರು, ಟೆಲಿವಿಷನ್, ಬಟ್ಟೆ ಒಗೆಯುವ ಯಂತ್ರಗಳನ್ನು ಸರಿಯಾಗಿ ಬಿಗಿಯದೆ ಹೇರಿದ್ದರು. ಅಲೆಗೆ ಅವು ಸಡಿಲಿ ಜನರನ್ನು ಎಳೆದುಕೊಂಡು ಹೋದವು. ಹದಿನಾಲ್ಕು ಕಂತಿನಲ್ಲಿ ಅದು ಪ್ರಕಟವಾಯಿತು. ಆಗ ಸರ್ವಾಧಿಕಾರಿಯ ಆಳ್ವಿಕೆ. ಸರ್ಕಾರ ಕೆರಳಿತು.

ಇದನ್ನು ಅವರು ಹೆಸರು ಬದಲಿಸಿ ಸಣ್ಣಕಥೆ ಮಾಡಿದ್ದರೆ? ಬಹಳ ಸೊಗಸಾದ ಕಥೆಯಾಗುತ್ತಿತ್ತು. ಮಂತ್ರಿಯೊಬ್ಬ ಓದಿ ಮೆಚ್ಚಿ, ಅದು ಬರೀ ಕಥೆ ಎಂದು ಹೇಳಿ ಮಗ್ಗುಲಾಗುತ್ತಿದ್ದ. ಬಿರುಗಾಳಿ ಇರಲಿಲ್ಲ ಎಂಬ ಮಾತಿಗೆ ತೂಕ ಬಂದದ್ದು ಅದು ವರದಿ ಎಂಬ ಕಾರಣಕ್ಕೆ. ಕೆಲವು ಸಂಗತಿಗಳನ್ನು ಕಥೆ ಮಾಡಿದರೆ ತಪ್ಪಿತಸ್ಥನಿಗೆ ನಾವೇ ಹಿತ್ತಿಲ ಬಾಗಿಲು ತೆರೆದಂತೆ.

ವರದಿ ಎಂದೂ ಹೇಳಿ, ಕಥೆಯ ಸುಖವನ್ನೂ ಬಿಡದೆ ಹೋದವರೂ ಇದ್ದಾರೆ. ಅಮೆರಿಕದ ಟ್ರೂಮನ್ ಕಪೋಟೆ 1959ರ ನವೆಂಬರಿನಲ್ಲಿ ಪತ್ರಿಕೆಯ ಒಳಗೊಂದು ಚಿಕ್ಕ ಸುದ್ದಿ ಓದಿದರು. ಕ್ಯಾನ್ಸಸ್ ರಾಜ್ಯದ ಹಾಲ್‌ಕಂಬ್ ಎಂಬ ಹಳ್ಳಿಯಲ್ಲಿ ಒಂದೇ ಮನೆಯ ನಾಲ್ವರ ಕೊಲೆ. ಅವರು ಅಲ್ಲಿಗೆ ಹೋಗಿ ನೆಲೆಯೂರಿದರು, ಕೊಲೆಗಾರರು ಸಿಕ್ಕಿಬಿದ್ದ ಮೇಲೆ ಅವರನ್ನು ಸೆರೆಮನೆಯಲ್ಲಿ ವರ್ಷಗಟ್ಟಲೆ ಭೇಟಿಯಾದರು. ಪುಸ್ತಕ ಮುಗಿಯಬೇಕಾದರೆ ಅವರಿಬ್ಬರ ಗತಿ ಏನಾಯಿತೆಂದು ತಿಳಿಯಬೇಕಿತ್ತು. 1965ರ ಏಪ್ರಿಲಿನಲ್ಲಿ ಇಬ್ಬರೂ ಗಲ್ಲಿಗೇರಿದರು. 1966ರ ಆರಂಭದಲ್ಲಿ ‘ಇನ್ ಕೋಲ್ಡ್ ಬ್ಲಡ್’ ಪುಸ್ತಕವಾಗಿ ಬಂತು. ಸ್ನೇಹಿತರಂತಿದ್ದವರ ನೇಣಿನ ದಿನಕ್ಕಾಗಿ ಲೇಖಕ ಕಾಯಬೇಕಾಗಿ ಬರುವುದು ಎಂಥ ಪಾಡು ಎಂದು ನಾನು ಇಲ್ಲಿ ವಿವರಿಸಲಾರೆ.

ಕಪೋಟೆ ಇದರಲ್ಲಿರುವುದೆಲ್ಲ ಸತ್ಯ ಎಂದು ಸಾರಿದ್ದರು. ಆದರೆ ಪುಸ್ತಕದ ಕೊನೆಯ ದೃಶ್ಯ, ತನಿಖಾಧಿಕಾರಿಗೆ ಸ್ಮಶಾನದಲ್ಲಿ ಸತ್ತ ಹುಡುಗಿಯ ಗೆಳತಿ ಸಿಗುವುದು, ಇಬ್ಬರೂ ನಾಲ್ಕು ಮಾತಾಡಿ ಬೀಳ್ಕೊಡುವುದು, ನಡೆದದ್ದೇ ಅಲ್ಲವೆಂದು ಆಮೇಲೆ ಹೊರಬಂತು. ನೇಣಿನಿಂದ ಪುಸ್ತಕ ಮುಗಿಸಲು ಅವರಿಗೆ ಮನಸ್ಸು ಬಂದಿರಲಿಕ್ಕಿಲ್ಲ. ಆ ಮನಸ್ಸು ನನಗೆ ಅರ್ಥವಾಗುತ್ತದೆ, ನಾನೂ ಅದನ್ನೇ ಮಾಡಿದವನು. ಮಾರ್ಕ್ವೆಜ್ ಕಲ್ಪಿಸಿದ್ದಕ್ಕೆ ಹೋಲಿಸಿದರೆ ಇದು ಒಂದು ಚಿಟಿಕೆ. ಆದರೂ ಆಕ್ಷೇಪ ಬಂದದ್ದು ಇದಕ್ಕೆ. ಅವರು ಪುಸ್ತಕದ ಹೊದಿಕೆಯ ಮೇಲೆ ಕಾದಂಬರಿ ಎಂದು ಒಪ್ಪಿಕೊಂಡಿದ್ದರು, ಇವರು ಮಾತು ಕೊಟ್ಟು ತಪ್ಪಿದರು. ಒಂದು ದೃಶ್ಯ ಹುಸಿಯೆಂದು ಗೊತ್ತಾದ ಮೇಲೆ ಮಿಕ್ಕ ಮುನ್ನೂರು ಪುಟವನ್ನೂ ಓದುಗ ಅನುಮಾನದಿಂದಲೇ ತಿರುವುತ್ತಾನೆ.

ಮತ್ತೆ ನಮ್ಮ ಕಡೆಗೆ ಬರೋಣ. ಬದುಕಿರುವವರ ನೋವಿನ ಮಾತಾಯಿತು. ಸತ್ತು ನೂರು ವರ್ಷ ಕಳೆದವರನ್ನು ಬರೆಯುವುದು ಸುಲಭವೇ? ಮಾಸ್ತಿಯವರ ‘ಚಿಕವೀರ ರಾಜೇಂದ್ರ’ 1956ರಲ್ಲಿ ಪ್ರಕಟವಾಯಿತು. 1983ರ ಜ್ಞಾನಪೀಠ ಗೌರವ ಬಂದಾಗ ಈ ಕಾದಂಬರಿಯ ಹೆಸರು ಮತ್ತೆ ಎಲ್ಲರ ಬಾಯಲ್ಲಿತ್ತು. ಕೊಡಗಿನ ಕೊನೆಯ ಅರಸನನ್ನು ಇಂಗ್ಲಿಷರು 1834ರಲ್ಲಿ ಗದ್ದುಗೆಯಿಂದ ಇಳಿಸಿದ ಕಥೆ. ಅರಸನನ್ನು ಮಾಸ್ತಿ ದುರ್ವ್ಯಸನಿಯಾಗಿ, ಕ್ರೂರಿಯಾಗಿ ಚಿತ್ರಿಸುತ್ತಾರೆ. ಸುತ್ತ ರಾಣಿ ಗೌರಮ್ಮಾಜಿ, ಬೋಪಣ್ಣ, ಲಕ್ಷ್ಮೀನಾರಾಯಣಯ್ಯ, ಕುಂಟ ಬಸವ. ಒಂದು ರಾಜ್ಯ ಒಳಗಿನಿಂದ ಹೇಗೆ ಕುಸಿಯುತ್ತದೆ ಎಂಬುದು ಅವರ ಪ್ರಶ್ನೆ. ಅದನ್ನು ಕೇಳಿದವರು ಸ್ವತಃ ಮೈಸೂರು ಸಂಸ್ಥಾನದಲ್ಲಿ ಅಧಿಕಾರಿಯಾಗಿ ಆಡಳಿತವನ್ನು ಹತ್ತಿರದಿಂದ ಕಂಡವರು ಎಂಬುದನ್ನು ಮರೆಯಬಾರದು.

ಅರಸನ ಈ ಚಿತ್ರವನ್ನು ಒಪ್ಪದವರು ಕೊಡಗಿನಲ್ಲೂ ಹೊರಗೂ ಇದ್ದಾರೆ. ಅವರ ಆಕ್ಷೇಪದಲ್ಲಿ ಹುರುಳಿಲ್ಲದಿಲ್ಲ. ಅರಸನ ದುಷ್ಟತನದ ಬಗ್ಗೆ ನಮಗೆ ಉಳಿದಿರುವ ಬರಹದಲ್ಲಿ ಬಹುಪಾಲು ಅವನನ್ನು ಇಳಿಸಿದವರು ಬರೆದದ್ದು. ಅವನ ರಾಜ್ಯ ಬೇಕಾಗಿದ್ದವರು ಅವನನ್ನು ಹೊಗಳಿ ಬರೆಯುತ್ತಾರೆಯೇ? ಪ್ರಜೆಗಳ ಇಚ್ಛೆಯಂತೆಯೇ ಕೊಡಗನ್ನು ವಶಕ್ಕೆ ತೆಗೆದುಕೊಂಡೆವು ಎಂಬುದು ಕಂಪನಿ ಹೊರಡಿಸಿದ ಘೋಷಣೆ. ಇದೇ ಅರಸ ಕಾಶಿಯಲ್ಲಿ ಬಹುಕಾಲ ಇದ್ದು, 1852ರಲ್ಲಿ ಮಗಳನ್ನು ಕರೆದುಕೊಂಡು ಇಂಗ್ಲೆಂಡಿಗೆ ಹೋದ. ಮಗಳು ಗೌರಮ್ಮ ಕ್ರೈಸ್ತಳಾದಾಗ ವಿಕ್ಟೋರಿಯಾ ರಾಣಿಯೇ ಧರ್ಮಮಾತೆಯಾಗಿ ನಿಂತಳು. ಅಪ್ಪ ಅಲ್ಲಿಯ ನ್ಯಾಯಾಲಯದಲ್ಲಿ ಕಂಪನಿಯ ಮೇಲೇ ಹಣದ ದಾವೆ ಹೂಡಿದ. 1859ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡ. ಸೋತ ಮೇಲೂ ಸಮುದ್ರ ದಾಟಿ ಹೋಗಿ ಗೆದ್ದವನ ಊರಲ್ಲೇ ಗೆದ್ದವನ ಮೇಲೆ ದಾವೆ ಹೂಡುವ ಮನುಷ್ಯ, ಅಂತಃಪುರ ಮತ್ತು ಹೆಂಡದಲ್ಲಿ ಮುಳುಗಿದ್ದವನಷ್ಟೇ ಆಗಿರಲಾರ ಎಂದು ನನಗೆ ತೋರುತ್ತದೆ. ಕಡತ ಹೇಳಿದ್ದು ಸತ್ಯವೇ ಎಂದು ಕೇಳುವ ಮೊದಲು, ಕಡತ ಬರೆದವನು ಯಾರು ಎಂದು ಕೇಳಬೇಕಾಗುತ್ತದೆ. ಠಾಣೆಯ ಎಫ್.ಐ.ಆರ್. ನೋಡಿ ಸುದ್ದಿ ಬರೆಯುವ ನಮಗೂ ಈ ಮಾತು ಸಲ್ಲುತ್ತದೆ.

ಅದೇ ಸೀಮೆಯಲ್ಲಿ ಮೂರು ವರ್ಷದ ಮೇಲೆ, 1837ರಲ್ಲಿ, ಕಂಪನಿಯ ವಿರುದ್ಧ ರೈತರು ಎದ್ದರು. ಆ ದಂಗೆಯನ್ನು ‘ಕಲ್ಯಾಣಸ್ವಾಮಿ’ಯಾಗಿ ಬರೆದವರು ಇದೇ ನಿರಂಜನರು. ಮಾಸ್ತಿಯವರ ಪುಸ್ತಕ ಮುಗಿಸಿ ಅದನ್ನು ಕೈಗೆತ್ತಿಕೊಳ್ಳಿ. ಒಂದೇ ಬೆಟ್ಟವನ್ನು ಆ ಬದಿಯಿಂದ ಹತ್ತಿ ಈ ಬದಿಯಿಂದ ಇಳಿದಂತೆ ಇರುತ್ತದೆ. ಇವರಲ್ಲಿ ಯಾರು ಸರಿ ಎಂದು ತೀರ್ಪು ಕೊಡಲು ನಾನು ಬಂದಿಲ್ಲ. ಇಬ್ಬರನ್ನೂ ಓದಿದವನ ಕೊಡಗು ಒಬ್ಬರನ್ನೇ ಓದಿದವನ ಕೊಡಗಿಗಿಂತ ದೊಡ್ಡದಾಗಿರುತ್ತದೆ, ಅಷ್ಟು ಮಾತ್ರ ಗೊತ್ತು.

ಸಮಯವಾಯಿತೆಂದು ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಮೊದಲಿಗೆ ಹೇಳಿದ ಸಂಗತಿಯನ್ನು ಮುಗಿಸಿಬಿಡುತ್ತೇನೆ.

ಬಸ್ ನಿಲ್ದಾಣದಲ್ಲಿ ಆ ತಾಯಿಗೆ ನಿಜ ಹೇಳಿದೆ. ಕುರಿ ಕಾಯುವ ತಾತ ಯಾರೂ ಇಲ್ಲ, ನಾನೇ ಬರೆದುಕೊಂಡದ್ದು ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಂಗಾರೆ ಅವನು ಕೂಗ್ಲಿಲ್ವಾ?” ಎಂದರು. “ನನಗೆ ಗೊತ್ತಿಲ್ಲ ಕಣವ್ವ” ಎಂದೆ. ಅವರು ಅಳಲಿಲ್ಲ, ಬೈಯಲೂ ಇಲ್ಲ. “ಬಾ, ಗುಂಡಿ ನೋಡಿದ್ದೀಯಾ?” ಎಂದು ಕೇಳಿದರು. ನೋಡಿರಲಿಲ್ಲ. ಸುದ್ದಿ ಬರೆದಾಗ ನೀರು ತುಂಬಿತ್ತು. ಕಥೆ ಬರೆದಾಗ ನಾನು ನಗರದಲ್ಲಿ ಮೇಜಿನ ಮುಂದೆ ಇದ್ದೆ.

ಅದು ಬೇಸಿಗೆ. ಕೆರೆ ಒಣಗಿತ್ತು. ಅವರು ಏರಿಯ ಮೇಲೆ ನಿಂತರು, ನಾನು ಗುಂಡಿಯೊಳಗೆ ಇಳಿದೆ. ಎರಡಾಳು ಆಳಕ್ಕಿಂತ ಹೆಚ್ಚಿತ್ತು. ಬದಿಗಳು ಗೋಡೆಯ ಹಾಗೆ ನೆಟ್ಟಗೆ ಕಡಿದಿದ್ದವು, ಕಾಲೂರಲು ಇಳಿಜಾರೇ ಇರಲಿಲ್ಲ. ತಳದಲ್ಲಿ ನಿಂತು ನೋಡಿದರೆ ಏರಿ ಕಾಣುತ್ತಿರಲಿಲ್ಲ, ಏರಿಯ ಮೇಲೆ ನಿಂತಿದ್ದ ಅವರೂ ಕಾಣುತ್ತಿರಲಿಲ್ಲ. ಹಗ್ಗ ತರಿಸಿ ಅಳೆದುಕೊಂಡೆ. ಎಷ್ಟು ಅಡಿ ತೋಡಲು ಅನುಮತಿ ಇತ್ತು, ಎಷ್ಟು ತೋಡಿದ್ದರು ಎಂಬುದನ್ನು ಕಚೇರಿಯ ಕಾಗದಪತ್ರ ನೋಡಿ ಹೋಲಿಸಿದೆ. ಅದು ಸುದ್ದಿಯಾಗಿ ನಾಲ್ಕನೆಯ ಪುಟದಲ್ಲಿ ಬಂತು, ಈ ಸಲ ಮೂವತ್ತೆರಡು ಸಾಲು. ಮುಂದಿನ ಮಳೆಗೆ ಮೊದಲು ಗುಂಡಿಯ ಬದಿಯನ್ನು ಇಳಿಜಾರಾಗಿ ಕಡಿದರು.

ಕಥೆಯನ್ನು ತಿದ್ದಿ ಬರೆಯಬೇಕೆಂದು ಹಾಳೆ ತೆಗೆದಿಟ್ಟುಕೊಂಡಿದ್ದೇನೆ. ಅಂಗಿ, ಅದರ ಮೇಲಿನ ಕಲ್ಲು, ಅಲ್ಲಿಗೆ ಬಂದು ನಿಂತಿದೆ.